ಹದಿನೆಂಟು ಲೀಟರ್ ತುಂಬಿದ ಮೇಲೆ: ಇಂಗ್ಲೆಂಡಿನ ಹಳ್ಳಿದಾರಿಯಲ್ಲಿ ಮೋಟರ್‌ಹೋಮ್ ಕೊಳೆ ಖಾಲಿಮಾಡಲು ನಾವು ನೋಡಿದ ಜಾಗಗಳು

ನಾವು ನಾಲ್ವರು, ನಾಲ್ವರೂ ಶೌಚಕ್ಕೆ ನೀರು ಬಳಸುವವರು. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಎರಡು ಬೇಸಿಗೆ ಮೋಟರ್‌ಹೋಮ್, ಅಂದರೆ ಮನೆಯಂತೆ ವಾಸಿಸಬಹುದಾದ ವಾಹನ, ಓಡಿಸಿದಾಗ ನಮ್ಮ ದಾರಿಯನ್ನು ನಿರ್ಧರಿಸಿದ್ದು ಬಹುಮಟ್ಟಿಗೆ ಈ ಸಂಗತಿಯೇ.

ಮೋಟರ್‌ಹೋಮ್‌ನ ಕಮೋಡಿನ ಕೆಳಗೆ ಕ್ಯಾಸೆಟ್ ಎಂದು ಕರೆಯುವ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ವಾಹನದ ಹೊರಮೈಯಲ್ಲಿರುವ ಚಿಕ್ಕ ಬಾಗಿಲು ತೆರೆದು ಅದನ್ನು ಎಳೆದು ತೆಗೆಯಬೇಕು. ನಮ್ಮದು ಹಿಡಿಯುವುದು ಸುಮಾರು 18 ಲೀಟರ್. ಇಬ್ಬರಿಗೆ ಮೂರು ದಿನ ಸಾಕಾಗುತ್ತದೆ ಎಂದು ವಾಹನ ಮಾರಿದವರು ಹೇಳಿದ್ದರು. ಅವರ ಲೆಕ್ಕ ಕಾಗದ ಬಳಸುವವರದು. ಸಾಗರದಿಂದ ಬಂದಿದ್ದ ಅಮ್ಮ, ಹೆಂಡತಿ, ಎಂಟು ವರ್ಷದ ಮಗಳು ಮತ್ತು ನಾನು, ಚೊಂಬು ಹಿಡಿದು ಹೋಗುವ ನಮಗೆ, ಎರಡನೆಯ ದಿನ ಬೆಳಿಗ್ಗೆಯೇ ಡಬ್ಬಿ ತುಂಬಿತೆಂದು ಹೇಳುವ ಕೆಂಪು ದೀಪ ಹತ್ತಿತು. ಆದ್ದರಿಂದ ನಮ್ಮಂಥ ಕುಟುಂಬಗಳು ಖಾಲಿಮಾಡುವ ಜಾಗಗಳ ಈ ಹೋಲಿಕೆಯನ್ನು ಬೇರೆ ಕಣ್ಣಿನಿಂದಲೇ ನೋಡಬೇಕು: ದಿನ ಬಿಟ್ಟು ದಿನ ಖಾಲಿಮಾಡುವ ಜಾಗ ಸಿಗಲೇಬೇಕು. ಬಚ್ಚಲ ನೀರಿನದು ಬೇರೆ ಟ್ಯಾಂಕ್. ಅದು ದೊಡ್ಡದು, ಮೂರು ದಿನ ತಡೆಯುತ್ತದೆ. ಆದರೆ ಒಗ್ಗರಣೆಯ ಎಣ್ಣೆ, ಸಾರಿನ ಬೇಳೆ, ಅಕ್ಕಿ ತೊಳೆದ ನೀರು ಸೇರಿದರೆ ಬೇಸಿಗೆಯಲ್ಲಿ ಎರಡೇ ದಿನಕ್ಕೆ ನಾರುತ್ತದೆ. ತಟ್ಟೆಗಳನ್ನು ಮೊದಲು ಕಾಗದದಿಂದ ಒರೆಸಿ ಆಮೇಲೆ ತೊಳೆಯುವ ಅಭ್ಯಾಸ ಮಾಡಿಕೊಂಡ ಮೇಲೆ ನಮಗೆ ಆ ಕಷ್ಟ ಅರ್ಧ ಕಡಿಮೆಯಾಯಿತು.

ಬ್ರಿಟನ್ನಿನಲ್ಲಿ ಕ್ಯಾಸೆಟ್ ಖಾಲಿಮಾಡುವ ಜಾಗಕ್ಕೆ ಎಲ್ಸನ್ ಪಾಯಿಂಟ್ ಎನ್ನುತ್ತಾರೆ. ಎಲ್ಸನ್ ಎನ್ನುವುದು ರಾಸಾಯನಿಕ ಶೌಚದ ಹಳೆಯ ಕಂಪನಿಯ ಹೆಸರು. ಎರಡನೆಯ ಮಹಾಯುದ್ಧದ ಲ್ಯಾಂಕಾಸ್ಟರ್ ಬಾಂಬರ್ ವಿಮಾನಗಳಲ್ಲೂ ಎಲ್ಸನ್ ಶೌಚವೇ ಇತ್ತು. ದಾರಿ ಕೇಳುವಾಗ ಈ ಒಂದು ಪದ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಮೊದಲ ಬೇಸಿಗೆಯಲ್ಲಿ ನಾವು ನಂಬಿದ್ದು ಕ್ಲಬ್ಬುಗಳ ದೊಡ್ಡ ತಂಗುದಾಣಗಳನ್ನು. ಈ ದೇಶದಲ್ಲಿ ಎರಡು ಹಿರಿಯ ಕ್ಲಬ್ಬುಗಳಿವೆ: 1901ರಲ್ಲಿ ಹುಟ್ಟಿದ ಕ್ಯಾಂಪಿಂಗ್ ಅಂಡ್ ಕ್ಯಾರವಾನಿಂಗ್ ಕ್ಲಬ್, 1907ರಲ್ಲಿ ಹುಟ್ಟಿದ ಕ್ಯಾರವಾನ್ ಅಂಡ್ ಮೋಟರ್‌ಹೋಮ್ ಕ್ಲಬ್. ಇವುಗಳ ದೊಡ್ಡ ತಾಣಗಳಲ್ಲಿ ಸೌಕರ್ಯದ ವಿಷಯದಲ್ಲಿ ಕೊರತೆ ಹೇಳುವಂತಿಲ್ಲ. ವಾಹನವನ್ನು ನೆಲದ ಜಾಲರಿಯ ಮೇಲೆ ನಿಲ್ಲಿಸಿ ಕವಾಟ ತಿರುಗಿಸಿದರೆ ಬಚ್ಚಲ ನೀರು ಹೋಗುತ್ತದೆ. ಪಕ್ಕದಲ್ಲೇ ಎಲ್ಸನ್ ಪಾಯಿಂಟ್, ಅದನ್ನು ತೊಳೆಯಲು ಬೇರೆ ಕೊಳಾಯಿ, ಸ್ವಲ್ಪ ದೂರದಲ್ಲಿ ಕುಡಿಯುವ ನೀರಿನ ಕೊಳಾಯಿ. ಕ್ಯಾಸೆಟ್ ತೊಳೆಯುವ ಕೊಳಾಯಿಯಿಂದ ಕುಡಿಯುವ ನೀರು ಹಿಡಿಯಬಾರದು ಎಂಬ ಫಲಕವೂ ಇರುತ್ತದೆ. ಮಗಳಿಗೆ ನಾನು ಮೊದಲು ಓದಿಸಿದ್ದೇ ಆ ಫಲಕವನ್ನು. ಆದರೆ ಆಗಸ್ಟ್ ತಿಂಗಳಲ್ಲಿ ಒಂದು ರಾತ್ರಿಗೆ ನಾವು ಕೊಟ್ಟದ್ದು 42 ಪೌಂಡ್. ಮೇಲಾಗಿ ತಿಂಗಳುಗಳ ಮೊದಲೇ ಕಾದಿರಿಸಬೇಕು. ಇಂಥ ಅನೇಕ ತಾಣಗಳು ಚಳಿಗಾಲದಲ್ಲಿ ಬಾಗಿಲು ಹಾಕುತ್ತವೆ. ಬರೀ 18 ಲೀಟರ್ ಸುರಿಯುವುದಕ್ಕಾಗಿ ದಿನ ಬಿಟ್ಟು ದಿನ ಇಷ್ಟು ಖರ್ಚು ಮಾಡುವುದು ನಮ್ಮಿಂದ ಆಗುವಂತಿರಲಿಲ್ಲ.

ಕೆಂಟ್ ಪ್ರಾಂತ್ಯಕ್ಕೆ ಹೋದಾಗ ಇದಕ್ಕೆ ಪೂರಾ ಬೇರೆಯಾದ ವ್ಯವಸ್ಥೆ ಕಂಡೆವು. ಕ್ಯಾಂಟರ್ಬರಿ ನಗರದ ಅಂಚಿನಲ್ಲಿ, ನ್ಯೂ ಡೋವರ್ ರಸ್ತೆಯಲ್ಲಿ, ಕಾರು ನಿಲ್ಲಿಸಿ ಬಸ್ಸಿನಲ್ಲಿ ಊರೊಳಗೆ ಹೋಗುವವರಿಗಾಗಿ ಮಾಡಿದ ನಿಲುಗಡೆ ಮೈದಾನವಿದೆ. ಅದರ ಒಂದು ಭಾಗವನ್ನು ಮೋಟರ್‌ಹೋಮ್‌ಗಳಿಗೆ ಬಿಟ್ಟಿದ್ದಾರೆ. ರಾತ್ರಿ ತಂಗಬಹುದು, ನೀರು ತುಂಬಿಸಿಕೊಳ್ಳಬಹುದು, ಎರಡೂ ಬಗೆಯ ಕೊಳೆ ನೀರನ್ನು ಖಾಲಿಮಾಡಬಹುದು. ನಾವು ತೆತ್ತದ್ದು ಅಂಗಡಿಯಲ್ಲಿ ಒಬ್ಬರ ಕಾಫಿ ತಿಂಡಿಗೆ ಆಗುವಷ್ಟು ಹಣ, ಅದರಲ್ಲೇ ಊರೊಳಗಿನ ಬಸ್ ಪ್ರಯಾಣವೂ ಸೇರಿತ್ತು. ಫ್ರಾನ್ಸಿನಲ್ಲಿ ಇಂಥ ತಾಣಗಳು ಸಾವಿರಗಟ್ಟಲೆ ಇವೆ, ಸಣ್ಣ ಸಣ್ಣ ಊರುಗಳ ಆಡಳಿತಗಳೇ ನಡೆಸುತ್ತವೆ. ಡೋವರ್‌ನಲ್ಲಿ ಹಡಗಿಳಿದು ಬರುವ ಫ್ರೆಂಚರು, ಡಚ್ಚರು ಇಲ್ಲಿಯೂ ಹಾಗೆಯೇ ಇರುತ್ತದೆ ಎಂದುಕೊಳ್ಳುತ್ತಾರೆ. ಪಕ್ಕದಲ್ಲಿ ನಿಂತಿದ್ದ ಡಚ್ ದಂಪತಿ ಉತ್ತರಕ್ಕೆ ಹೋದರೆ ಮುಂದಿನ ಇಂಥ ಜಾಗ ಎಲ್ಲಿದೆ ಎಂದು ನನ್ನನ್ನು ಕೇಳಿದಾಗ ಕೊಡಲು ನನ್ನಲ್ಲಿ ಉತ್ತರ ಇರಲಿಲ್ಲ. ಇಂಗ್ಲೆಂಡಿನಲ್ಲಿ ಇವು ಬೆರಳೆಣಿಕೆಯಷ್ಟು, ಹಳ್ಳಿಗಾಡಿನ ಒಳಗಂತೂ ಇನ್ನೂ ಅಪರೂಪ. ಬೆಲೆ, ಸೌಕರ್ಯ ಎರಡರಲ್ಲೂ ನಾವು ಬಳಸಿದ ಜಾಗಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಪ್ರತಿ ಜಿಲ್ಲೆಯಲ್ಲೂ ಇಂಥದೊಂದು ಇದ್ದಿದ್ದರೆ ನಾನು ಈ ಹೋಲಿಕೆಯನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಮೂರನೆಯ ದಾರಿ ಖಾಸಗಿ ಕ್ಯಾಂಪ್ ಮೈದಾನಗಳಿಗೆ ಫೋನ್ ಮಾಡಿ, ತಂಗುವುದಿಲ್ಲ, ಬರೀ ಖಾಲಿಮಾಡಿಕೊಂಡು ಹೋಗಬಹುದೇ ಎಂದು ಕೇಳುವುದು. ಎರಡು ಬೇಸಿಗೆಯಲ್ಲಿ ಒಂಬತ್ತು ಕಡೆ ಕೇಳಿದೆ. ಐದು ಕಡೆ ಒಪ್ಪಿದರು, ಮೂರು ಕಡೆ ಸೌಜನ್ಯದಿಂದಲೇ ಇಲ್ಲ ಎಂದರು, ಒಂದು ಕಡೆ ಫೋನ್ ಎತ್ತಲಿಲ್ಲ. ಒಪ್ಪಿದವರು ಕೇಳಿದ್ದು ಐದರಿಂದ ಹತ್ತು ಪೌಂಡ್. ಹತ್ತು ಪೌಂಡ್ ಕೇಳಿದ ಜಾಗದಲ್ಲಿ ಎಲ್ಸನ್ ಪಾಯಿಂಟಿನ ತೊಳೆಯುವ ಪೈಪು ಒಡೆದಿತ್ತು. ನಮಗಿಂತ ಮುಂಚೆ ಬಂದವರ ಗಲೀಜನ್ನು ನಮ್ಮ ಬಕೆಟ್‌ನಿಂದ ನಾನೇ ತೊಳೆದು ಬಂದೆ. ಆದರೂ ಈ ದಾರಿಯನ್ನು ತಳ್ಳಿಹಾಕುವುದಿಲ್ಲ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಹಿಂದಿನ ರಾತ್ರಿ ತಂಗಿದವರು ಹೊರಟ ಮೇಲೆ ಫೋನ್ ಮಾಡಿದರೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು ಎಂಬುದು ನನ್ನ ಅನುಭವ. ಶನಿವಾರ ಮಧ್ಯಾಹ್ನ ಕೇಳಲೇಬಾರದು. ಇಂಥ ಜಾಗಗಳನ್ನು ತೋರಿಸುವ ಆ್ಯಪ್‌ಗಳಲ್ಲಿ ಇರುವ ಗುರುತುಗಳನ್ನು ನಂಬಿ ಹೊರಡುವುದಕ್ಕಿಂತ ಒಂದು ಫೋನ್ ಕರೆ ಮೇಲು. ಹಾಗೆ ನಂಬಿ ಇಪ್ಪತ್ತು ಮೈಲಿ ಹೋದ ನಮಗೆ ಸಿಕ್ಕಿದ್ದು ಬೀಗ ಹಾಕಿದ ಗೇಟು.

ಇನ್ನು ನಾನು ಹೆಚ್ಚು ಹೇಳಬೇಕೆಂದಿರುವುದು ರೈತರ ಜಾಗಗಳ ಬಗ್ಗೆ.

1960ರ ಕಾಯಿದೆಯೊಂದರ ಪ್ರಕಾರ, ಮಾನ್ಯತೆ ಪಡೆದ ಕ್ಲಬ್ಬುಗಳು ಪ್ರಮಾಣಪತ್ರ ಕೊಟ್ಟ ಜಮೀನಿನಲ್ಲಿ ಐದು ವಾಹನಗಳವರೆಗೆ ತಂಗಲು ಬಿಡಬಹುದು. ಅದಕ್ಕೆ ರೈತರು ಬೇರೆ ಪರವಾನಗಿ ಪಡೆಯಬೇಕಾಗಿಲ್ಲ. ಕ್ಯಾರವಾನ್ ಅಂಡ್ ಮೋಟರ್‌ಹೋಮ್ ಕ್ಲಬ್ಬಿನವರು ಇವನ್ನು ಸಿಎಲ್ (ಸರ್ಟಿಫಿಕೇಟೆಡ್ ಲೊಕೇಶನ್) ಎನ್ನುತ್ತಾರೆ, ಇನ್ನೊಂದು ಕ್ಲಬ್ಬಿನವರು ಸಿಎಸ್ (ಸರ್ಟಿಫಿಕೇಟೆಡ್ ಸೈಟ್) ಎನ್ನುತ್ತಾರೆ. ಸಿಎಲ್‌ಗಳೇ ದೇಶದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಇವೆ. ಅಲ್ಲಿ ತಂಗಲು ಸದಸ್ಯತ್ವ ಬೇಕು. ಸ್ನಾನದ ಮನೆ ಇರಲಿಕ್ಕಿಲ್ಲ, ವಿದ್ಯುತ್ ಇರಲಿಕ್ಕಿಲ್ಲ, ಆದರೆ ಕುಡಿಯುವ ನೀರು ಮತ್ತು ಕ್ಯಾಸೆಟ್ ಸುರಿಯುವ ಜಾಗ ಇರುತ್ತವೆ. ನಮ್ಮ ಅಗತ್ಯ ಇಷ್ಟೇ ತಾನೇ.

ಯಾರ್ಕ್‌ಶೈರ್ ಡೇಲ್ಸ್‌ನಲ್ಲಿ, ಹಾಸ್ ಎಂಬ ಪೇಟೆಯಿಂದ ಕೆಲವೇ ಮೈಲಿ ದೂರದ ಒಂದು ಕುರಿ ಸಾಕುವ ಜಮೀನಿನಲ್ಲಿ ಮೂರು ರಾತ್ರಿ ಉಳಿದೆವು. ರಾತ್ರಿಗೆ 16 ಪೌಂಡ್. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು, ಗೋಡೆಯಾಚೆ ಕುರಿ, ಕೆಳಗೆ ಕಣಿವೆಯಲ್ಲಿ ಯೂರ್ ನದಿ. ಕೊಟ್ಟಿಗೆಯ ಹಿಂದೆ ನೆಲಮಟ್ಟದಲ್ಲಿ ಒಂದು ಮುಚ್ಚಳ, ಪಕ್ಕದಲ್ಲಿ ಕೊಳಾಯಿ, ಗೋಡೆಗೆ ಕೈಬರಹದ ಹಲಗೆ: ನೀಲಿ ದ್ರಾವಣ ಹಾಕಿದವರು ದಯವಿಟ್ಟು ಇಲ್ಲಿ ಸುರಿಯಬೇಡಿ.

ನಮ್ಮ ಕ್ಯಾಸೆಟ್‌ನಲ್ಲಿ ಇದ್ದದ್ದು ನೀಲಿಯೇ. ವಾಸನೆ ತಡೆಯಲು, ಕೊಳೆ ಕರಗಲು ಕ್ಯಾಸೆಟ್‌ಗೆ ಹಾಕುವ ದ್ರಾವಣಗಳಲ್ಲಿ ನೀಲಿ ಬಲವಾದದ್ದು, ಅಂಗಡಿಗಳಲ್ಲಿ ಮೊದಲು ಕೈಗೆ ಸಿಗುವುದೂ ಅದೇ. ಊರಿನ ಒಳಚರಂಡಿಗೆ ಸೇರುವ ದೊಡ್ಡ ತಾಣಗಳಲ್ಲಿ ಅದರಿಂದ ತೊಂದರೆಯಿಲ್ಲ. ಆದರೆ ಹಳ್ಳಿಗಾಡಿನ ಒಂಟಿ ಮನೆಗಳಿಗೆ ಒಳಚರಂಡಿ ಇರುವುದಿಲ್ಲ, ಸೆಪ್ಟಿಕ್ ಟ್ಯಾಂಕ್ ಇರುತ್ತದೆ. ಆ ಟ್ಯಾಂಕಿನಲ್ಲಿ ಕೆಲಸ ಮಾಡುವುದು ಬ್ಯಾಕ್ಟೀರಿಯಾ. ಬಲವಾದ ರಾಸಾಯನಿಕ ಬಿದ್ದರೆ ಅವು ಸಾಯುತ್ತವೆ, ಕೊಳೆ ಕೊಳೆಯಾಗಿಯೇ ಉಳಿದು ಮಣ್ಣಿಗೆ, ಅಲ್ಲಿಂದ ತೊರೆಗೆ ಇಳಿಯುತ್ತದೆ. ನಾನು ಹಲಗೆಯ ಮುಂದೆ ನಿಂತು ಇದನ್ನು ಅಮ್ಮನಿಗೆ ವಿವರಿಸಲು ಹೊರಟರೆ ಅವರು, ‘ಇದರಲ್ಲಿ ತಿಳಿಯದ್ದೇನಿದೆಯೋ? ನಮ್ಮ ಮನೆಯ ಗುಂಡಿಗೆ ಫಿನಾಯಿಲ್ ಸುರಿಯಲು ನಿನ್ನ ಅಪ್ಪ ಬಿಡುತ್ತಿದ್ದರೇ?’ ಎಂದರು. ತೋಟದ ನಡುವಿನ ಮನೆಯಲ್ಲಿ ನಲವತ್ತು ವರ್ಷ ಸಂಸಾರ ಮಾಡಿದವರಿಗೆ ಆ ರೈತರ ಆತಂಕ ಒಂದೇ ನೋಟಕ್ಕೆ ಅರ್ಥವಾಗಿತ್ತು.

ಆ ಮನೆಯಾಕೆಗೆ ನಡೆದದ್ದನ್ನು ಹೇಳಿದೆ. ಅವರು ಸಿಟ್ಟಾಗಲಿಲ್ಲ. ತಮ್ಮಲ್ಲಿದ್ದ, ನೀಲಿಯಷ್ಟು ಬಲವಲ್ಲದ ಹಸಿರು ದ್ರಾವಣದ ಬಾಟಲಿ ಕೊಟ್ಟು, ಮೊದಲ ಕ್ಯಾಸೆಟ್ ಅನ್ನು ಮಾತ್ರ ಪೇಟೆಯ ಕಡೆ ಇರುವ ದೊಡ್ಡ ತಾಣಕ್ಕೆ ಒಯ್ದು ಖಾಲಿಮಾಡಿ ಬನ್ನಿ ಎಂದರು. ನಾನು ಹಾಗೆಯೇ ಮಾಡಿದೆ. ತುಂಬಿದ ಕ್ಯಾಸೆಟ್ ಸುಮಾರು 20 ಕಿಲೋ ತೂಗುತ್ತದೆ. ಅದನ್ನು ಗೂಡಿಗೆ ಭದ್ರವಾಗಿ ಸೇರಿಸಿ, ಕಿರಿದಾದ ರಸ್ತೆಗಳಲ್ಲಿ ನಿಧಾನವಾಗಿ ಓಡಿಸಿಕೊಂಡು ಹೋಗಿ, ಆರು ಪೌಂಡ್ ಕೊಟ್ಟು ಸುರಿದು ಬಂದೆ. ಅಂದಿನಿಂದ ನಮ್ಮ ಗಾಡಿಯಲ್ಲಿ ಹಸಿರು ಬಾಟಲಿ ಮಾತ್ರ ಇದೆ. ವಾಸನೆ ತಡೆಯುವುದರಲ್ಲಿ ಅದು ನೀಲಿಗಿಂತ ಒಂದು ಕೈ ಕಡಿಮೆಯೇ. ಎರಡನೆಯ ದಿನ ಸಂಜೆಗೆ ಅದು ತಿಳಿಯುತ್ತದೆ. ಆದರೆ ಹಸಿರು ಹಾಕಿದ ಕ್ಯಾಸೆಟ್ ಅನ್ನು ದೊಡ್ಡ ತಾಣದಲ್ಲೂ ಸುರಿಯಬಹುದು, ರೈತರ ಜಾಗದಲ್ಲೂ ಸುರಿಯಬಹುದು. ಎಲ್ಲಿ ಸುರಿಯುತ್ತೇವೆ ಎಂಬುದು ಡಬ್ಬಿಗೆ ಏನು ಹಾಕುತ್ತೇವೆ ಎನ್ನುವಾಗಲೇ ತೀರ್ಮಾನವಾಗಿರುತ್ತದೆ ಎಂಬುದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಹೊಸದಾಗಿ ಹೊರಡುವ ಎಲ್ಲರಿಗೂ ನಾನು ಇದನ್ನೇ ಮೊದಲು ಹೇಳುತ್ತೇನೆ. ಕೆಲವು ರೈತರು ಹಸಿರನ್ನೂ ಒಪ್ಪುವುದಿಲ್ಲ. ಅದನ್ನು ಕಾದಿರಿಸುವಾಗಲೇ ಕೇಳಿಬಿಡಬೇಕು.

ರೈತರ ಜಾಗಗಳ ಕೊರತೆ ಎಂದರೆ ಬಚ್ಚಲ ನೀರು. ಗಾಡಿಯನ್ನು ಮೇಲೆ ನಿಲ್ಲಿಸುವ ಜಾಲರಿ ಹೆಚ್ಚಿನ ಕಡೆ ಇರುವುದಿಲ್ಲ. ಬಕೆಟ್‌ಗೆ ಹಿಡಿದು ಹೊತ್ತು ಹಾಕಬೇಕು. ಹತ್ತು ಬಾರಿ ಓಡಾಡಿದರೆ ಸೊಂಟ ಹಿಡಿಯುತ್ತದೆ. ಆದರೂ ಆ ಕವಾಟವನ್ನು ರಸ್ತೆಯ ಬದಿಯಲ್ಲಿ ತೆರೆದುಬಿಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ರಸ್ತೆಯ ಜಾಲರಿಗೆ ಬಿದ್ದ ಮಳೆನೀರು ಬಹಳ ಕಡೆ ಶುದ್ಧೀಕರಣವಿಲ್ಲದೆ ನೇರವಾಗಿ ಹಳ್ಳಕ್ಕೆ ಹೋಗುತ್ತದೆ. ಸಾಬೂನು, ಎಣ್ಣೆ ಅದರ ಜೊತೆಯಲ್ಲೇ ಹೋಗುತ್ತವೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ನಾವಿರುವ ಮಿಲ್ಟನ್ ಕೀನ್ಸ್‌ನ ಮೂಲಕ ಗ್ರ್ಯಾಂಡ್ ಯೂನಿಯನ್ ಕಾಲುವೆ ಹಾದುಹೋಗುತ್ತದೆ, ಅಲ್ಲಿ ಗೆಳೆಯರೊಬ್ಬರು ದೋಣಿಯಲ್ಲಿ ವಾಸಿಸುತ್ತಾರೆ. ಅವರ ಕ್ಯಾಸೆಟ್ ಹೊತ್ತು ಒಮ್ಮೆ ಕಾಲುವೆಯ ಎಲ್ಸನ್ ಪಾಯಿಂಟಿಗೆ ಹೋಗಿದ್ದೆ. ಒಳ್ಳೆಯ ಏರ್ಪಾಡು. ಆದರೆ 2012ರಿಂದ ಕಾಲುವೆಗಳನ್ನು ನೋಡಿಕೊಳ್ಳುತ್ತಿರುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಅದನ್ನು ಇಟ್ಟಿರುವುದು ಪರವಾನಗಿ ಶುಲ್ಕ ಕಟ್ಟಿದ ದೋಣಿಯವರಿಗೆ. ಬೀಗದ ಕೈ ಹೇಗಾದರೂ ಸಿಗುತ್ತದೆಂದು ಮೋಟರ್‌ಹೋಮ್‌ನವರು ಅಲ್ಲಿಗೆ ನುಗ್ಗುವುದು ತಪ್ಪು. ಹಳ್ಳಿಯ ಪಬ್‌ಗಳ ಅಂಗಳದಲ್ಲಿ ಊಟ ಮಾಡಿ ರಾತ್ರಿ ತಂಗುವುದು ಸೊಗಸಾದ ಅನುಭವ, ಎರಡು ಬಾರಿ ಮಾಡಿದ್ದೇವೆ. ಆದರೆ ಕೊಳೆಯ ಮಟ್ಟಿಗೆ ಅಲ್ಲಿ ಏನೂ ಸಿಗುವುದಿಲ್ಲ. ಶ್ರಾಪ್‌ಶೈರ್‌ನ ಒಂದು ಪಬ್ಬಿನ ಯಜಮಾನರು ಹೊರಗಿನ ಶೌಚದಲ್ಲಿ ಸುರಿದುಕೊಳ್ಳಿ ಎಂದು ಪ್ರೀತಿಯಿಂದ ಹೇಳಿದರು. ಅದು ಒಳಚರಂಡಿಗೆ ಹೋಗುತ್ತದೋ ಟ್ಯಾಂಕಿಗೆ ಹೋಗುತ್ತದೋ ಎಂದು ಕೇಳಿದೆ, ಟ್ಯಾಂಕಿಗೆ ಎಂದರು. ಇಡೀ ಪಬ್ಬಿನ ಭಾರ ಹೊತ್ತ ಆ ಟ್ಯಾಂಕಿಗೆ ನಮ್ಮದನ್ನೂ ಸೇರಿಸಲು ಮನಸ್ಸಾಗಲಿಲ್ಲ. ಸಾರ್ವಜನಿಕ ಶೌಚಾಲಯಗಳಲ್ಲಿ ಕ್ಯಾಸೆಟ್ ಸುರಿಯುವವರೂ ಇದ್ದಾರೆ. ಸುತ್ತ ಚೆಲ್ಲಿದ್ದನ್ನು ತೊಳೆಯಲು ಅಲ್ಲಿ ಪೈಪ್ ಇರುವುದಿಲ್ಲ, ಮುಂದೆ ಬರುವವರು ಮಗುವನ್ನು ಕರೆದುಕೊಂಡು ಬಂದಿರುತ್ತಾರೆ. ಇದನ್ನು ನಾನು ಮಾಡಿಲ್ಲ, ಮಾಡುವುದಿಲ್ಲ. ಮೋಟರ್‌ಹೋಮ್ ಮಾರುವ ಕೆಲವು ಅಂಗಡಿಗಳ ಹಿಂಭಾಗದಲ್ಲಿಯೂ ಎಲ್ಸನ್ ಪಾಯಿಂಟ್ ಇರುತ್ತದೆ. ಗ್ಯಾಸ್ ತುಂಬಿಸಲು ಹೋದಾಗ ಕೇಳಿದರೆ ನಷ್ಟವಿಲ್ಲ, ನಮಗೆ ಒಮ್ಮೆ ಹಣವಿಲ್ಲದೆ ಬಿಟ್ಟರು.

ಇಷ್ಟೆಲ್ಲ ನೋಡಿದ ಮೇಲೆ ನಮ್ಮ ಪ್ರವಾಸದ ಲೆಕ್ಕ ಈಗ ಹೀಗಿದೆ: ಎರಡು ರಾತ್ರಿ ರೈತರ ಜಾಗ, ಮೂರನೆಯ ರಾತ್ರಿ ಪಬ್ಬಿನ ಅಂಗಳ ಅಥವಾ ಗೆಳೆಯರ ಮನೆ, ಮತ್ತೆ ರೈತರ ಜಾಗ. ವಾರಕ್ಕೊಮ್ಮೆ ದೊಡ್ಡ ಕ್ಲಬ್ ತಾಣ. ಅಲ್ಲಿ ಬಚ್ಚಲ ಟ್ಯಾಂಕನ್ನು ಜಾಲರಿಯ ಮೇಲೆ ಪೂರ್ತಿ ಖಾಲಿಮಾಡಿ, ಬಿಸಿನೀರಿನಿಂದ ತೊಳೆದು, ಬಟ್ಟೆಯನ್ನೂ ಒಗೆದುಕೊಳ್ಳುತ್ತೇವೆ. ಕಾಗದ ಬಳಸುವ ಇಬ್ಬರೇ ಹೋಗುವುದಾದರೆ ಇಷ್ಟು ಬಿಗಿಯಾದ ಲೆಕ್ಕ ಬೇಕಾಗಿಲ್ಲ, ಮೂರು ದಿನಕ್ಕೊಮ್ಮೆ ಫೋನ್ ಮಾಡಿ ಐದು ಪೌಂಡ್ ಕೊಟ್ಟು ಸುರಿದರೂ ಸಾಕು. ವಯಸ್ಸಾದವರು ಜೊತೆಗಿದ್ದರೆ, 20 ಕಿಲೋ ಹೊರುವವರು ಒಬ್ಬರೇ ಇದ್ದರೆ, ಹಣ ಹೆಚ್ಚಾದರೂ ದೊಡ್ಡ ತಾಣಗಳೇ ವಾಸಿ. ಅಂಥವರಿಗೆ ನಾನು ಬೇರೆ ಹೇಳುವುದಿಲ್ಲ. ಕ್ಯಾಸೆಟ್ ಸುರಿಯುವಾಗ ಅದರೊಳಗೆ ಗಾಳಿ ಬಿಡುವ ಗುಂಡಿಯನ್ನು ಒತ್ತಿ ಹಿಡಿಯಲು ಮರೆಯಬಾರದು. ಒತ್ತದಿದ್ದರೆ ಗುಳುಗುಳು ಎಂದು ಮೈಮೇಲೆ ಸಿಡಿಯುತ್ತದೆ. ಕೈಗವಸುಗಳನ್ನು ಕ್ಯಾಸೆಟ್‌ನ ಗೂಡಿನಲ್ಲೇ ಇಟ್ಟಿರಬೇಕು, ಅಡುಗೆಯ ಕಡೆ ತರಬಾರದು.

ಸೆಪ್ಟೆಂಬರಿನಲ್ಲಿ ನಾರ್ತಂಬರ್‌ಲ್ಯಾಂಡ್ ಕಡೆ ಹೊರಟಿದ್ದೇವೆ. ಮೂವರು ರೈತರಿಗೆ ಫೋನ್ ಮಾಡಿ ಆಗಿದೆ. ಇಬ್ಬರು ಹಸಿರು ಆಗಬಹುದು ಎಂದರು. ಮೂರನೆಯವರು ಏನನ್ನೂ ಹಾಕದೆ ಬನ್ನಿ ಎಂದಿದ್ದಾರೆ. ಅಲ್ಲಿಗೆ ಹೋಗುವ ಹಿಂದಿನ ದಿನ ಕ್ಯಾಸೆಟ್ ಅನ್ನು ಎರಡು ಬಾರಿ ತೊಳೆದು, ಬರೀ ನೀರು ಹಾಕಿಕೊಂಡು ಹೋಗಬೇಕು ಎಂದು ಅಮ್ಮ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದಾರೆ.