ನ್ಯೂಯಾರ್ಕ್ ಕೋರ್ಟೋ, ಗ್ವಾಂಟನಾಮೊ ಮಂಡಳಿಯೋ?

ಭಯೋತ್ಪಾದನೆಯ ಆರೋಪಿಗಳ ವಿಚಾರಣೆ ಎಲ್ಲಿ ನಡೆಯಬೇಕು? ಚರ್ಚಾಸ್ಪರ್ಧೆಗೆ ಪಕ್ಷ ಆರಿಸಿಕೊಳ್ಳುವ ಮುಂಚೆ ಅಮೆರಿಕದ ಎರಡು ದಾರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ: ಒಂದು ದೇಶದೊಳಗಿನ ಫೆಡರಲ್ (ಕೇಂದ್ರದ) ಕೋರ್ಟು, ಇನ್ನೊಂದು ಕ್ಯೂಬಾದ ಗ್ವಾಂಟನಾಮೊದಲ್ಲಿ ಅಮೆರಿಕ ಸೇನೆಯ ಸೆರೆಮನೆ ಇರುವಲ್ಲಿನ ಸೇನಾ ನ್ಯಾಯಮಂಡಳಿ.

ತೀರ್ಪು ಕೊಡುವವರು: ಫೆಡರಲ್ ಕೋರ್ಟಿನಲ್ಲಿ 12 ಸಾಮಾನ್ಯ ನಾಗರಿಕರ ಜ್ಯೂರಿ, ಗ್ವಾಂಟನಾಮೊದ ಸೇನಾ ನ್ಯಾಯಮಂಡಳಿಯಲ್ಲಿ ಸೇನಾಧಿಕಾರಿಗಳು.

ಸಾಕ್ಷ್ಯ: ಚಿತ್ರಹಿಂಸೆಯಿಂದ ಪಡೆದ ಹೇಳಿಕೆಯನ್ನು ಮಂಡಳಿಯಲ್ಲೂ 2009ರ ಕಾನೂನು ನಿಷೇಧಿಸಿದೆ. ಆದರೆ ‘ಅವನು ಹೀಗಂದನಂತೆ’ ಎಂಬಂಥ ಸಾಕ್ಷ್ಯಕ್ಕೆ ಅಲ್ಲಿ ಬಾಗಿಲು ಸಡಿಲ.

ಫಲಿತಾಂಶ: ಇಲ್ಲೇ ನಿಜವಾದ ಜಗಳ. 1998ರಲ್ಲಿ ಆಫ್ರಿಕಾದ ಎರಡು ಅಮೆರಿಕನ್ ರಾಯಭಾರ ಕಚೇರಿಗಳ ಮೇಲೆ ಬಾಂಬ್ ದಾಳಿ ನಡೆಯಿತು. ಆ ಪ್ರಕರಣದ ಆರೋಪಿ ಅಹ್ಮದ್ ಘೈಲಾನಿಯನ್ನು ಗ್ವಾಂಟನಾಮೊದಿಂದ ನ್ಯೂಯಾರ್ಕಿನ ಫೆಡರಲ್ ಕೋರ್ಟಿಗೆ ತಂದರು. ಬಲವಂತದ ವಿಚಾರಣೆಯಿಂದ ಪತ್ತೆಯಾದ ಮುಖ್ಯ ಸಾಕ್ಷಿಯನ್ನು ನ್ಯಾಯಾಧೀಶರು ಒಪ್ಪಲಿಲ್ಲ. 280ಕ್ಕೂ ಹೆಚ್ಚು ಆರೋಪಗಳಲ್ಲಿ ಸಾಬೀತಾದದ್ದು ಒಂದೇ. ‘ನೋಡಿದಿರಾ, ಕೋರ್ಟು ಸೋತಿತು’ ಎಂದು ಟೀಕಾಕಾರರು ಕೂಗಿದರು. ಆದರೆ ಆ ಒಂದಕ್ಕೇ 2011ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಇದನ್ನು ಸೋಲು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇತ್ತ 9/11ರ ಸಂಚುಗಾರನೆನ್ನಲಾದ ಖಾಲಿದ್ ಶೇಖ್ ಮೊಹಮ್ಮದ್‌ಗೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ 183 ಬಾರಿ ‘ವಾಟರ್‌ಬೋರ್ಡಿಂಗ್’ (ಮುಖಕ್ಕೆ ಬಟ್ಟೆ ಹಾಕಿ ನೀರು ಸುರಿದು ಉಸಿರುಗಟ್ಟಿಸುವ ಚಿತ್ರಹಿಂಸೆ) ಮಾಡಿತ್ತು. 2012ರಲ್ಲಿ ಮಂಡಳಿಯ ಮುಂದೆ ಆರೋಪ ಹೊರಿಸಿದರು; ಹತ್ತು ವರ್ಷ ದಾಟಿದರೂ ಮುಖ್ಯ ವಿಚಾರಣೆಯೇ ಶುರುವಾಗಲಿಲ್ಲ. ಅದೇ 2012ರ ಹೊತ್ತಿಗೆ ನಮ್ಮಲ್ಲಿ ಕಸಬ್‌ಗೆ ವಕೀಲರನ್ನು ಕೊಟ್ಟು, ಸುಪ್ರೀಂ ಕೋರ್ಟಿನವರೆಗೆ ಮೇಲ್ಮನವಿಯೂ ಮುಗಿದಿತ್ತು.

ಮಂಡಳಿಯ ಪರ ನಿಲ್ಲುವವರು ರಹಸ್ಯ ಮಾಹಿತಿಯ ರಕ್ಷಣೆಯ ವಾದ ಹಿಡಿಯಿರಿ. ‘ಬೇಗ ಮುಗಿಯುತ್ತದೆ’ ಅಂತ ಮಾತ್ರ ಹೇಳಬೇಡಿ.