ಹಳೆ ವಿಡಿಯೊದಿಂದ ಧ್ವನಿ ತೆಗೆಯಲು: ಎಫ್‌ಎಫ್‌ಎಂಪೆಗ್, ವಿಎಲ್‌ಸಿ, ಅಡಾಸಿಟಿ

ವಿಎಲ್‌ಸಿ ವಿಡಿಯೊ ಪ್ಲೇಯರ್, ಅಡಾಸಿಟಿ ಧ್ವನಿ ಎಡಿಟರ್, ಎಫ್‌ಎಫ್‌ಎಂಪೆಗ್ ಕಮಾಂಡ್ ಟೈಪ್ ಮಾಡಿ ಓಡಿಸುವ ಟೂಲ್. ಇವುಗಳಲ್ಲಿ ಒಂದನ್ನು ಆರಿಸುವ ಮೊದಲು ಫೈಲಿನೊಳಗೆ ಏನಿದೆ ಎಂದು ನೋಡಿಕೊಳ್ಳಿ. ಎವಿಐ ಬರೀ ಡಬ್ಬಿ. ಒಳಗಿರುವ ಧ್ವನಿ ಎಂಪಿ3, ಎಸಿ-3 (ಡಿವಿಡಿಗಳಲ್ಲಿರುವ ಡಾಲ್ಬಿ ಧ್ವನಿ), ಪಿಸಿಎಂ (ಕಂಪ್ರೆಸ್ ಮಾಡದ ಧ್ವನಿ) ಯಾವುದೂ ಆಗಬಹುದು. ಹೀಗೆ ಧ್ವನಿಯನ್ನು ಫೈಲಿಗೆ ಇಳಿಸುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ವಿಎಲ್‌ಸಿಯ ಕೋಡೆಕ್ ಮಾಹಿತಿಯಲ್ಲೇ ಇದು ಗೊತ್ತಾಗುತ್ತದೆ. ಒಳಗೆ 128 ಕೆಬಿಪಿಎಸ್ ಎಂಪಿ3 ಇದ್ದರೆ ಅದನ್ನು ಮತ್ತೆ ಕಂಪ್ರೆಸ್ ಮಾಡಬೇಡಿ, ಇದ್ದದ್ದನ್ನು ಇದ್ದಂತೆ ಕಾಪಿ ಮಾಡಿ. ಹಳೆ ಮೊಬೈಲಿನ 3ಜಿಪಿಯಲ್ಲಿರುವ ಎಎಂಆರ್‌ಗೂ ಇದೇ ಮಾತು. ಕಂಪ್ರೆಸ್ ಮಾಡಿದರೆ ನಿಜವಾದ ಲಾಭ ಇರುವುದು ಹಳೆ ಕ್ಯಾಮ್‌ಕಾರ್ಡರಿನ ಡಿವಿ ಟೇಪಿನಿಂದ ಬಂದ ಪಿಸಿಎಂನಲ್ಲಿ: 48 ಕಿಲೋಹರ್ಟ್ಸ್, 16 ಬಿಟ್, ಸ್ಟೀರಿಯೊ ಧ್ವನಿ ಗಂಟೆಗೆ 691 ಎಂಬಿ ತಿನ್ನುತ್ತದೆ. ಅದೇ 96 ಕೆಬಿಪಿಎಸ್ ಒಪಸ್ (ಹೊಸ ಕಾಲದ ಕಂಪ್ರೆಸ್ ಕೋಡೆಕ್) ಆದರೆ ಸುಮಾರು 43 ಎಂಬಿ.

ಒಂದೆರಡು ಫೈಲ್ ಇದ್ದರೆ ವಿಎಲ್‌ಸಿ ಸಾಕು. ಕಂಟ್ರೋಲ್-ಆರ್ ಒತ್ತಿ, ಫೈಲ್ ಸೇರಿಸಿ, ಆಡಿಯೊ ಪ್ರೊಫೈಲ್ ಆರಿಸಿದರೆ ಆಯಿತು. ಔಟ್‌ಪುಟ್ ತೋರಿಸುವ ಟಿಕ್ ಮಾತ್ರ ಹಾಕಬೇಡಿ, ಹಾಕಿದರೆ ಒಂದು ಗಂಟೆಯ ವಿಡಿಯೊಗೆ ಒಂದು ಗಂಟೆಯೇ ಹಿಡಿಯುತ್ತದೆ. ಹೊಸ ಫೈಲಿಗೆ ಬೇರೆ ಹೆಸರು ಕೊಡಲು ಮರೆಯಬೇಡಿ.

ಅಡಾಸಿಟಿಗೆ ವಿಡಿಯೊ ಫೈಲ್ ತೆರೆಯಲು ಎಫ್‌ಎಫ್‌ಎಂಪೆಗ್ ಲೈಬ್ರರಿಯನ್ನು ಬೇರೆಯಾಗಿ ಹಾಕಬೇಕು. ಇಂಪೋರ್ಟ್ ಮಾಡುವಾಗ ಎಲ್ಲವೂ 32 ಬಿಟ್ ಫ್ಲೋಟ್ ಆಗುವುದರಿಂದ ಒಂದು ಗಂಟೆಯ ಸ್ಟೀರಿಯೊಗೆ ಡಿಸ್ಕಿನಲ್ಲಿ ಸುಮಾರು 1.4 ಜಿಬಿ ಬೇಕು. ಗುಂಯ್‌ಗುಟ್ಟುವ ಸದ್ದು ತಗ್ಗಿಸಲು, ನಡುವಿನ ತುಂಡು ಕತ್ತರಿಸಲು ಇದಕ್ಕೆ ಸಾಟಿಯಿಲ್ಲ. ಬರೀ ಧ್ವನಿ ತೆಗೆಯುವುದಕ್ಕೆ ಇದು ಸುತ್ತುದಾರಿ.

ರಾಶಿ ಫೈಲ್ ಇದ್ದರೆ ಎಫ್‌ಎಫ್‌ಎಂಪೆಗ್ ಒಂದೇ ಗತಿ. ಚಿತ್ರ ಬಿಡಲು 'ವಿಎನ್' (-vn) ಆಯ್ಕೆ, ಕೋಡೆಕ್ ಜಾಗದಲ್ಲಿ 'ಕಾಪಿ' (copy) ಅಥವಾ 'ಲಿಬ್‌ಒಪಸ್' (libopus), ಒಪಸ್ ಆದರೆ ಆಮೇಲೆ ಬಿಟ್‌ರೇಟ್. ಕೈಕೊಡುವ ಜಾಗಗಳೂ ಇದರಲ್ಲೇ ಹೆಚ್ಚು. ಡಿವಿಡಿಯ ವಿಒಬಿ ಫೈಲಿನಲ್ಲಿ ಧ್ವನಿ ತಡವಾಗಿ ಶುರುವಾದರೆ ಆಡಿಯೊ ಟ್ರ್ಯಾಕೇ ಇಲ್ಲ ಎನ್ನುತ್ತದೆ. ಫೈಲನ್ನು ಎಷ್ಟು ದೂರ ಹುಡುಕಬೇಕು ಎಂದು ಹೇಳುವ 'ಪ್ರೋಬ್‌ಸೈಜ್' (-probesize) ಮತ್ತು 'ಅನಲೈಜ್‌ಡ್ಯೂರೇಶನ್' (-analyzeduration) ಎರಡನ್ನೂ 100ಎಂ (100M) ಮಾಡಿ, ಇವು ಇನ್‌ಪುಟ್ ಹೆಸರಿನ ಮೊದಲೇ ಬರಬೇಕು. ಎರಡು ಮೂರು ಭಾಷೆಯ ಟ್ರ್ಯಾಕ್ ಇದ್ದಾಗ ಯಾವುದು ಬೇಕೆಂದು 'ಮ್ಯಾಪ್' (-map) ಆಯ್ಕೆಯಲ್ಲಿ ಹೇಳದಿದ್ದರೆ ಹೆಚ್ಚು ಚಾನೆಲ್ ಇರುವುದನ್ನು ತಾನೇ ಆರಿಸಿಕೊಳ್ಳುತ್ತದೆ. ನಿಮಗೆ ಬೇಕಾದದ್ದು ಅದೇ ಆಗಿರಬೇಕೆಂದಿಲ್ಲ.

ಎಸಿ-3ಯ 5.1 (ಆರು ಚಾನೆಲಿನ) ಧ್ವನಿಯನ್ನು ಒಪಸ್‌ಗೆ ಕೊಟ್ಟರೆ ಚಾನೆಲ್ ಲೇಔಟ್ ಸರಿಯಿಲ್ಲ ಎಂದು ನಿಂತುಬಿಡುವುದುಂಟು. ಸೈಡ್ ಸ್ಪೀಕರುಗಳ 5.1 ವಿನ್ಯಾಸವನ್ನು ಆ ಎನ್‌ಕೋಡರ್ ಒಪ್ಪದಿರುವುದೇ ಕಾರಣ. 'ಎಸಿ 2' (-ac 2) ಆಯ್ಕೆ ಕೊಟ್ಟು ಸ್ಟೀರಿಯೊಗೆ ಇಳಿಸಿ. ಧ್ವನಿ ಸ್ವಲ್ಪ ಸಣ್ಣದಾಗುತ್ತದೆ, ಸಬ್‌ವೂಫರ್ ಚಾನೆಲ್ ಬಿಟ್ಟುಹೋಗುತ್ತದೆ. ಮಾತು, ಹಾಡು ಕೇಳುವುದಕ್ಕೆ ತೊಂದರೆಯಿಲ್ಲ.

ಟೇಪಿನಿಂದ ಇಳಿಸುವಾಗ ತುಣುಕು ಬಿಟ್ಟುಹೋದ ಫೈಲಿನಲ್ಲಿ ಧ್ವನಿ ವಿಡಿಯೊಗಿಂತ ಗಿಡ್ಡವಾಗಬಹುದು. ಎಫ್‌ಎಫ್‌ಎಂಪೆಗ್‌ನ 'ಅರೀಸ್ಯಾಂಪಲ್' ಫಿಲ್ಟರ್‌ಗೆ 'ಅಸಿಂಕ್ 1' (aresample=async=1) ಕೊಟ್ಟರೆ ಖಾಲಿ ಜಾಗದಲ್ಲಿ ಮೌನ ತುಂಬುತ್ತದೆ. ಇದು ಕಾಪಿ ಮಾಡುವಾಗ ನಡೆಯದು, ಎನ್‌ಕೋಡ್ ಮಾಡುವಾಗ ಮಾತ್ರ.

ಒಪಸ್ಸೋ ಎಎಸಿಯೋ? 2012ರಲ್ಲಿ ಆರ್‌ಎಫ್‌ಸಿ 6716 ಎಂಬ ಇಂಟರ್ನೆಟ್ ಮಾನದಂಡವಾಗಿ ಬಂದ ಒಪಸ್ ಕಡಿಮೆ ಬಿಟ್‌ರೇಟಿನಲ್ಲಿ ಸಲೀಸಾಗಿ ಗೆಲ್ಲುತ್ತದೆ: ಬರೀ ಮಾತಿಗೆ ಮೊನೊ 32 ಕೆಬಿಪಿಎಸ್ ಸಾಕು, ಗಂಟೆಗೆ 14.4 ಎಂಬಿ. 128 ಕೆಬಿಪಿಎಸ್‌ನಲ್ಲಿ ಎರಡಕ್ಕೂ ಕಿವಿಗೆ ವ್ಯತ್ಯಾಸ ಸಿಗುವುದು ಕಷ್ಟ. ಕಂಪ್ಯೂಟರ್, ಫೋನಿನಲ್ಲಿ ಕೇಳುವುದಾದರೆ ಒಪಸ್. ಹಳೆ ಕಾರ್ ಸ್ಟೀರಿಯೊಗೋ ಟಿವಿಯ ಯುಎಸ್‌ಬಿಗೋ ಹಾಕುವುದಾದರೆ ಎಂ4ಎ ಡಬ್ಬಿಯಲ್ಲಿ ಎಎಸಿ, ಅದನ್ನೂ ಮೊದಲು ಒಂದು ಫೈಲ್ ಹಾಕಿ ನೋಡಿ.

ಫೈಲುಗಳ ಪಟ್ಟಿಯನ್ನು ಸ್ಕ್ರಿಪ್ಟಿನ ಲೂಪಿನಲ್ಲಿ ಒಂದೊಂದಾಗಿ ಓದಿಸಿ ಎಫ್‌ಎಫ್‌ಎಂಪೆಗ್ ಓಡಿಸುವವರು 'ನೋಎಸ್‌ಟಿಡಿಇನ್' (-nostdin) ಸೇರಿಸಿ. ಇಲ್ಲದಿದ್ದರೆ ಎಫ್‌ಎಫ್‌ಎಂಪೆಗ್ ಪಟ್ಟಿಯಲ್ಲಿರುವ ಮುಂದಿನ ಫೈಲ್ ಹೆಸರುಗಳನ್ನೇ ಕೀಬೋರ್ಡಿನ ಒತ್ತು ಎಂದುಕೊಂಡು ನುಂಗುತ್ತದೆ, ಮೊದಲ ಫೈಲಿಗೇ ಲೂಪ್ ಮುಗಿದುಹೋಗುತ್ತದೆ.