ಸ್ಯಾಲಿಸಿಲಿಕ್, ಗ್ಲೈಕಾಲಿಕ್, ಮ್ಯಾಂಡೆಲಿಕ್: ಮೂರೂ ಪೀಲ್ ಮಾಡಿಸಿಕೊಂಡ ಮೇಲೆ

ನನ್ನ ಮುಖಕ್ಕೆ ಎರಡು ತೊಂದರೆ ಇದ್ದವು. ಗದ್ದದ ಸುತ್ತ ತಿಂಗಳು ತಿಂಗಳು ಏಳುವ ಮೊಡವೆ, ಅವು ಹೋದ ಮೇಲೆ ಉಳಿಯುವ ಕಪ್ಪು ಕಲೆ. ಎರಡನೇ ಹೆರಿಗೆ ಆದಮೇಲೆ ಎರಡೂ ಕೆನ್ನೆಗೆ ಬಂಗು ಬೇರೆ ಬಂತು. ದಾವಣಗೆರೆ ಬಿಸಿಲು, ದಿನಾ ಸ್ಕೂಟಿಯಲ್ಲಿ ಓಡಾಟ. ಮೂರು ವರ್ಷದಲ್ಲಿ ಮೂರು ಬಗೆಯ ಕೆಮಿಕಲ್ ಪೀಲ್ ಮಾಡಿಸಿಕೊಂಡೆ. ಒಂದು ಸಲ ಮುಖ ಸುಟ್ಟುಕೊಂಡೆ ಕೂಡ. ಯಾವುದು ಒಳ್ಳೇದು ಅಂತ ಗೆಳತಿಯರು ಕೇಳುತ್ತಲೇ ಇರುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಪೀಲ್ ಅಂದ ತಕ್ಷಣ ಚರ್ಮ ಸುಲಿಯುತ್ತಾರೆ ಅಂತ ಹೆದರುವುದು ಬೇಡ. ಆಸಿಡ್ ಹಚ್ಚಿದಾಗ ಮೇಲ್ಪದರದ ಸತ್ತ ಜೀವಕೋಶಗಳ ಹಿಡಿತ ಸಡಿಲವಾಗುತ್ತದೆ. ನಾಲ್ಕೈದು ದಿನದಲ್ಲಿ ಅದು ಹೊಟ್ಟಿನ ಹಾಗೆ ಉದುರಿ ಹೋಗುತ್ತದೆ. ನಾನು ಮಾಡಿಸಿದ ಮೂರೂ ಈ ಮೇಲ್ಪದರದ ಪೀಲ್‌ಗಳೇ.

ಮೊದಲು ಮಾಡಿಸಿದ್ದು ಸ್ಯಾಲಿಸಿಲಿಕ್. ಚರ್ಮದ ಡಾಕ್ಟರ್ 20% ಇಂದ ಶುರು ಮಾಡಿದರು, ಮೂರನೇ ಸಲಕ್ಕೆ 30%. ಮುಖ ತೊಳೆಸಿ, ಸ್ಪಿರಿಟ್‌ನಲ್ಲಿ ಒರೆಸಿ, ಕಣ್ಣಿನ ಮೂಲೆ, ಮೂಗಿನ ಅಂಚು, ತುಟಿಗೆಲ್ಲ ವ್ಯಾಸಲೀನ್ ಹಚ್ಚಿದರು. ಆಮೇಲೆ ಗಾಜ್ ಬಟ್ಟೆಯಲ್ಲಿ ಆಸಿಡ್. ಮೊದಲ ಒಂದು ನಿಮಿಷ ಮೆಣಸಿನಕಾಯಿ ಕೈ ಮುಖಕ್ಕೆ ತಾಗಿದ ಹಾಗೆ ಉರಿ. ನರ್ಸ್ ಪಕ್ಕದಲ್ಲೇ ಪುಟ್ಟ ಫ್ಯಾನ್ ಹಿಡಿದುಕೊಂಡು ನಿಂತಿದ್ದರು. ಎರಡು ಮೂರು ನಿಮಿಷಕ್ಕೆ ಉರಿ ತಾನಾಗಿಯೇ ಇಳಿದು ಜುಮ್ ಅನ್ನುವ ಹಾಗಾಯಿತು. ಕನ್ನಡಿ ನೋಡಿದರೆ ಹಣೆ ಮೇಲೆಲ್ಲ ವಿಭೂತಿ ಬಳಿದ ಹಾಗೆ ಬಿಳಿ ಪುಡಿ. ದ್ರಾವಣದ ಆಲ್ಕೋಹಾಲ್ ಆರಿ, ಆಸಿಡ್ ಹರಳಾಗಿ ನಿಂತದ್ದು ಅದು. ನೀರಲ್ಲಿ ತೊಳೆದರೆ ಹೋಯಿತು.

ಇದರ ದೊಡ್ಡ ಗುಣ ಏನಂದರೆ ಇದು ಎಣ್ಣೆಯಲ್ಲಿ ಕರಗುತ್ತದೆ. ಹಾಗಾಗಿ ಜಿಡ್ಡು ತುಂಬಿದ ರಂಧ್ರದ ಒಳಗೇ ಇಳಿಯುತ್ತದೆ. ಎರಡು ವಾರಕ್ಕೊಂದರಂತೆ ನಾಲ್ಕು ಸಲ ಮಾಡಿಸಿದೆ. ಗದ್ದದ ಮೊಡವೆ ಮುಕ್ಕಾಲು ಪಾಲು ನಿಂತೇ ಹೋಯಿತು. ಮೂಗಿನ ಮೇಲಿನ ಕಪ್ಪು ಚುಕ್ಕೆ ಕೂಡ. ಮೂರನೇ ದಿನ ಬಾಯಿಯ ಸುತ್ತ ಸಿಪ್ಪೆ ಏಳುತ್ತದೆ, ಅದನ್ನು ಕಿತ್ತರೆ ಕಲೆ ಖಂಡಿತ. ಆದರೆ ಬಂಗಿಗೆ ಇದರಿಂದ ನನಗೆ ಏನೂ ಆಗಲಿಲ್ಲ. ಇನ್ನೊಂದು ಮಾತು: ಆಸ್ಪಿರಿನ್ ಅಲರ್ಜಿ ಇದ್ದವರು, ಬಸುರಿಯರು ಇದನ್ನು ಮಾಡಿಸಬಾರದು. ಮೊದಲೇ ಡಾಕ್ಟರಿಗೆ ಹೇಳಿಬಿಡಿ.

ಈಗ ಗ್ಲೈಕಾಲಿಕ್. ಇದರ ಕಥೆ ಸ್ವಲ್ಪ ಉದ್ದ.

ಬಂಗು ಹೋಗಲಿಲ್ಲ ಅನ್ನುವ ಬೇಜಾರಿನಲ್ಲಿ, ಮನೆ ಹತ್ತಿರದ ಒಂದು ಪಾರ್ಲರಿನಲ್ಲಿ ಗ್ಲೈಕಾಲಿಕ್ ಪೀಲ್ ಮಾಡಿಸಿದೆ. 800 ರೂಪಾಯಿ. ಕ್ಲಿನಿಕ್ಕಿನಲ್ಲಿ ನಾನು ಕೊಡುತ್ತಿದ್ದ ದುಡ್ಡಿನ ಅರ್ಧ. ಬಾಟಲಿ ಮೇಲೆ 50% ಅಂತ ಇತ್ತು. ಜಾಸ್ತಿ ಪರ್ಸೆಂಟ್ ಇದ್ದರೆ ಬೇಗ ಗುಣ ಅಂದುಕೊಂಡೆ. ಹಚ್ಚಿದ ಹುಡುಗಿ ಇನ್ನೊಬ್ಬರ ಐಬ್ರೋ ಮಾಡಲು ಆಚೆ ಹೋದಳು. ನಾನು ಉರಿ ತಡೆದುಕೊಂಡು ಕೂತೆ, ಸ್ಯಾಲಿಸಿಲಿಕ್ ಹಾಗೆ ಇದೂ ತಾನಾಗಿ ಇಳಿಯುತ್ತದೆ ಅಂತ. ಇಳಿಯಲಿಲ್ಲ. ಸಂಜೆ ಹೊತ್ತಿಗೆ ಎಡಗೆನ್ನೆ ಕೆಂಪಗೆ ಊದಿತು. ಮೂರನೇ ದಿನಕ್ಕೆ ಒಣದ್ರಾಕ್ಷಿ ಬಣ್ಣದ ಪಟ್ಟಿ. ಅದು ಮಾಯಲು ಐದು ತಿಂಗಳು ಬೇಕಾಯಿತು. ಮಗಳು ದಿನಾ ಕೆನ್ನೆ ಮುಟ್ಟಿ “ಅಮ್ಮ, ಗಾಯ ಹೋಯ್ತಾ?” ಅಂತ ಕೇಳುತ್ತಿದ್ದಳು.

ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಗ್ಲೈಕಾಲಿಕ್ ತಾನಾಗಿ ನಿಲ್ಲುವ ಆಸಿಡ್ ಅಲ್ಲ. ನಾವು ನಿಲ್ಲಿಸುವವರೆಗೂ ಒಳಗೆ ಇಳಿಯುತ್ತಲೇ ಇರುತ್ತದೆ. ಈ ಜಾತಿಯ ಆಸಿಡ್‌ಗಳಲ್ಲೆಲ್ಲ ಇದರ ಅಣುವೇ ಚಿಕ್ಕದು, ಅದಕ್ಕೇ ಅಷ್ಟು ಚುರುಕು. ಜೊತೆಗೆ ನಮ್ಮಂಥ ಗೋಧಿ ಬಣ್ಣ, ಕಪ್ಪು ಬಣ್ಣದವರ ಚರ್ಮಕ್ಕೆ ಸ್ವಲ್ಪ ಗಾಯ ಆದರೂ ಸಾಕು, ಅಲ್ಲಿ ಬಣ್ಣದ ಕಣಗಳು ಜಾಸ್ತಿ ತಯಾರಾಗಿ ಕಪ್ಪಾಗುತ್ತದೆ. ಬಾಟಲಿ ಮೇಲಿನ ಪರ್ಸೆಂಟ್ ಒಂದನ್ನೇ ನೋಡುವುದೂ ತಪ್ಪು. ಪಿಎಚ್, ಅಂದರೆ ಹುಳಿಯ ಅಳತೆ, ಕಡಿಮೆ ಇದ್ದಷ್ಟೂ ಅದೇ ಪರ್ಸೆಂಟ್ ಇನ್ನೂ ತೀಕ್ಷ್ಣ.

ಒಂದು ವರ್ಷ ಬಿಟ್ಟು ಅದೇ ಗ್ಲೈಕಾಲಿಕ್ ಅನ್ನು ಡಾಕ್ಟರ್ ಹತ್ತಿರ ಮಾಡಿಸಿದೆ. ಧೈರ್ಯ ಮಾಡಲು ತುಂಬ ಕಷ್ಟವಾಯಿತು. 20%, ಅದೂ ಒಂದೇ ನಿಮಿಷ. ನರ್ಸ್ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿ ಜೋರಾಗಿ ಎಣಿಸುತ್ತಿದ್ದರು. ನಿಮಿಷ ಆದ ಕೂಡಲೇ ಸೋಡಿಯಂ ಬೈಕಾರ್ಬೊನೇಟ್ ನೀರು ಹಚ್ಚಿದರು, ನಮ್ಮ ಅಡುಗೆ ಸೋಡಾವೇ ಅದು. ಮುಖದ ಮೇಲೆ ಸಣ್ಣಗೆ ಬುರಬುರ ನೊರೆ ಬಂದು ಉರಿ ಥಟ್ಟನೆ ನಿಂತಿತು. ಪಾರ್ಲರಿನಲ್ಲಿ ನನಗೆ ತಪ್ಪಿದ್ದು ಈ ಒಂದು ಹೆಜ್ಜೆ. ನಿಜ ಹೇಳಬೇಕೆಂದರೆ ಮುಖದ ನುಣುಪು, ಹೊಳಪಿನ ಲೆಕ್ಕದಲ್ಲಿ ಮೂರರಲ್ಲಿ ಇದೇ ಮುಂದು. ಎರಡೇ ಸಲಕ್ಕೆ ಗೊತ್ತಾಯಿತು. ಆದರೆ ಸರಿಯಾದ ಕೈಯಲ್ಲಿ ಮಾತ್ರ.

ಈ ಎರಡು ಗ್ಲೈಕಾಲಿಕ್ ನಡುವೆ, ಸುಟ್ಟ ಕಲೆ ಮಾಯ್ದ ಮೇಲೆ ಮಾಡಿಸಿದ್ದು ಮ್ಯಾಂಡೆಲಿಕ್. ಕಹಿ ಬಾದಾಮಿಯಿಂದ ಮೊದಲು ತೆಗೆದ ಆಸಿಡ್ ಇದು. ಗ್ಲೈಕಾಲಿಕ್‌ನ ಅಣುತೂಕ 76, ಇದರದ್ದು 152, ಸರಿಯಾಗಿ ಎರಡರಷ್ಟು. ಅಣು ದೊಡ್ಡದಾದ್ದರಿಂದ ನಿಧಾನವಾಗಿ, ಒಂದೇ ಸಮನಾಗಿ ಇಳಿಯುತ್ತದೆ. 40% ಹಚ್ಚಿದರೂ ನನಗೆ ಆಗಿದ್ದು ಸಣ್ಣ ಕಡಿತ ಅಷ್ಟೇ. ಸಿಪ್ಪೆ ಎದ್ದಿದ್ದೂ ಕಾಣಲಿಲ್ಲ, ಮಾರನೇ ದಿನವೇ ಕೆಲಸಕ್ಕೆ ಹೋದೆ. ಮೊದಲ ಎರಡು ಸಲ ಏನೂ ಬದಲಾವಣೆ ಇಲ್ಲ. ದುಡ್ಡು ಸುಮ್ನೆ ಹೋಯಿತು ಅನ್ನಿಸಿತ್ತು. ಐದನೇ ಸಲಕ್ಕೆ ಬಂಗಿನ ಅಂಚು ಮಸುಕಾಯಿತು. ಮೊಡವೆ ಕಲೆಗಳಂತೂ ಚೆನ್ನಾಗಿ ತಿಳಿಯಾದವು. ಬಂಗು ಪೂರ್ತಿ ಹೋಗಲಿಲ್ಲ, ಯಾವ ಪೀಲ್‌ನಿಂದಲೂ ಪೂರ್ತಿ ಹೋಗುತ್ತದೆ ಅಂತ ನಂಬಬೇಡಿ. ಒಂದು ವಾರ ಬಿಸಿಲಿಗೆ ಮೈಮರೆತರೆ ಮತ್ತೆ ಎದ್ದು ಕೂರುತ್ತದೆ.

ನನ್ನಂಥ ಬಣ್ಣದವರು, ಮೊದಲ ಸಲ ಮಾಡಿಸುವವರು ಕೇಳಿದರೆ ನಾನು ಮ್ಯಾಂಡೆಲಿಕ್ ಅನ್ನುತ್ತೇನೆ. ಜಿಡ್ಡು ಮುಖ, ಮೊಡವೆಯೇ ಮುಖ್ಯ ತೊಂದರೆ ಆದರೆ ಸ್ಯಾಲಿಸಿಲಿಕ್.

ಟಿಸಿಎ, ಅಂದರೆ ಟ್ರೈಕ್ಲೋರೋಅಸಿಟಿಕ್ ಆಸಿಡ್ ಅನ್ನುವ ಇನ್ನೊಂದು ಪೀಲ್ ಬಗ್ಗೆಯೂ ಕೇಳುತ್ತಾರೆ. ಪೂರ್ತಿ ಮುಖಕ್ಕೆ ನಾನು ಮಾಡಿಸಿಲ್ಲ, ಮಾಡಿಸುವುದೂ ಇಲ್ಲ. ಬಲಗೆನ್ನೆಯ ನಾಲ್ಕು ಆಳದ ಗುಳಿಗಳಿಗೆ ಮಾತ್ರ ಡಾಕ್ಟರ್ ಟೂತ್‌ಪಿಕ್ ತುದಿಯಲ್ಲಿ ಅದ್ದಿ ಮುಟ್ಟಿಸಿದರು. ಮುಟ್ಟಿಸಿದ ಕಡೆ ಸುಣ್ಣದ ಚುಕ್ಕೆ ಇಟ್ಟ ಹಾಗೆ ಬೆಳ್ಳಗಾಯಿತು. ಹಕ್ಕಳೆ ಕಟ್ಟಿ ವಾರಕ್ಕೆ ಬಿತ್ತು. ಮೂರು ಸಲ ಆದಮೇಲೆ ಗುಳಿ ಸ್ವಲ್ಪ ಮೇಲೆ ಬಂದಿದೆ.

ಮೂರಕ್ಕೂ ಒಂದೇ ಆಗಿ ಬೇಕಾದ್ದು ಸನ್‌ಸ್ಕ್ರೀನ್. ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ, ಬಿಸಿಲಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ರಾತ್ರಿ ರೆಟಿನಾಲ್ ಥರದ ಕ್ರೀಮ್ ಹಚ್ಚುವವರು ಪೀಲ್‌ಗೆ ಕೆಲವು ದಿನ ಮೊದಲೇ ನಿಲ್ಲಿಸಬೇಕು. ಮೆಡಿಕಲ್ ಶಾಪಿನಿಂದ ತಂದ “ಬೆಳ್ಳಗಾಗುವ” ಸ್ಟೀರಾಯ್ಡ್ ಕ್ರೀಮ್ ಬಳಸುತ್ತಿದ್ದರೆ ಮುಚ್ಚಿಡಬೇಡಿ. ಅಂಥ ಚರ್ಮ ತೆಳ್ಳಗಾಗಿರುತ್ತದೆ, ಆಸಿಡ್ ತಡೆಯುವುದಿಲ್ಲ.

ಹೋದ ತಿಂಗಳು ಅಕ್ಕನ ಮಗಳು ಫೋನ್ ಮಾಡಿದ್ದಳು. “ಚಿಕ್ಕಮ್ಮ, ಮದುವೆಗೆ ಹದಿನೈದು ದಿನ ಇದೆ, ಗ್ಲೈಕಾಲಿಕ್ ಮಾಡಿಸಲಾ?” ಬೇಡವೇ ಬೇಡ ಅಂದೆ. ಮೊದಲ ಪೀಲ್‌ಗೆ ಚರ್ಮ ಹೇಗೆ ನಡೆದುಕೊಳ್ಳುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ ಅಲ್ವಾ? ಅವಳು ಸನ್‌ಸ್ಕ್ರೀನ್ ಒಂದೇ ಹಚ್ಚಿಕೊಂಡು ಮದುವೆಯಾದಳು. ಮಳೆಗಾಲ ಶುರುವಾದ ಮೇಲೆ ಇಬ್ಬರೂ ಒಟ್ಟಿಗೆ ಡಾಕ್ಟರ್ ಹತ್ತಿರ ಹೋಗುವುದು ಅಂತ ಮಾತಾಗಿದೆ. ಅವಳಿಗೆ ಸ್ಯಾಲಿಸಿಲಿಕ್, ನನಗೆ ಮ್ಯಾಂಡೆಲಿಕ್‌ನ ಆರನೇ ಸಲ.